ಜಗಲಿಯಲ್ಲಿ ಬೆಳಗು ಮಾಡಿದ ಅಕ್ಕನಿಗೆ

ನಿನ್ನೆ ಅಮ್ಮನಿಗೆ 75 ತುಂಬಿತು. ಶುಭ ಹಾರೈಸಿದ ಎಲ್ಲರಿಗೂ ಕೈಮುಗಿಯುತ್ತೇನೆ. ಅವರ ಕಾಯಿಲೆಯ ಕಥೆ ನಿಮಗೆಲ್ಲ ಗೊತ್ತಿರುವುದೇ, ಮತ್ತೆ ತೆಗೆಯುವುದಿಲ್ಲ. ನನಗೆ ಹೇಳಬೇಕಾಗಿರುವುದು 2020ರ ಮಾರ್ಚ್ ಕೊನೆಯ ಒಂದು ರಾತ್ರಿಯ ಮಾತು.

ಮಾರ್ಚ್ 24ರ ರಾತ್ರಿ ದೇಶಕ್ಕೆಲ್ಲ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ತಲಪಾಡಿಯಲ್ಲಿ ಕರ್ನಾಟಕ ಗಡಿ ಮುಚ್ಚಿತ್ತು, ಒಳದಾರಿಗಳ ಮೇಲೆ ಮಣ್ಣು ಸುರಿದಿತ್ತು. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರದ ನಮಗೆ ಆಸ್ಪತ್ರೆಯೆಂದರೆ ಮಂಗಳೂರು. ಹೆರಿಗೆಗೂ ಅಲ್ಲಿಗೇ, ಕೊನೆಗಾಲಕ್ಕೂ ಅಲ್ಲಿಗೇ. ಆ ದಾರಿ ಇನ್ನೊಂದು ರಾಜ್ಯಕ್ಕೆ ಹೋಗುತ್ತದೆ ಎಂದು ಅದುವರೆಗೆ ನಾವು ಯೋಚಿಸಿಯೇ ಇರಲಿಲ್ಲ. ಅಮ್ಮನನ್ನು ಹೊತ್ತು ಹೋದ ಆಂಬುಲೆನ್ಸ್ ಅಮ್ಮನೊಂದಿಗೇ ಮರಳಿ ಅಂಗಳಕ್ಕೆ ಬಂತು.

ಆಗ ಬಂದವರು ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ಹಗಲಿಡೀ ಗಲ್ಫ್‌ನಿಂದ ಬಂದವರ ಮನೆಮನೆ ತಿರುಗಿ, ಕ್ವಾರಂಟೈನ್‌ನಲ್ಲಿದ್ದವರ ಹೆಸರು ಬರೆದುಕೊಂಡು ದಣಿದಿದ್ದರು. ಹೋಗಿ ಮಲಗಿ ಎಂದೆ. ಅವರು ಜಗಲಿಯ ಮೆಟ್ಟಿಲಲ್ಲಿ ಕುಳಿತರು. ಗಳಿಗೆಗೊಮ್ಮೆ ಒಳಗೆ ಬಂದು ಅಮ್ಮನ ನಾಡಿ ಹಿಡಿಯುವರು, ಗಂಜಿತಿಳಿ ಕುಡಿಸುವರು, ಹೊರಗೆ ಹೋಗಿ ಕೇರಳದ ಆರೋಗ್ಯ ಸಹಾಯವಾಣಿ ದಿಶಾ 1056ಕ್ಕೆ ಮತ್ತೆ ಕರೆ ಮಾಡುವರು. ಅವರಿಗೆ ಕನ್ನಡ ಅಷ್ಟಕ್ಕಷ್ಟೆ, ಅಮ್ಮನಿಗೆ ಮಲಯಾಳ ಅಷ್ಟಕ್ಕಷ್ಟೆ. "ಪೇಡಿಕ್ಕಂಡ ಅಮ್ಮೆ" ಎನ್ನುತ್ತಿದ್ದರು. ಹೆದರಬೇಡ ಎಂಬ ಮಾತನ್ನು ಅಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಅತ್ತೆ. ಬೆಳಕು ಹರಿಯುವ ಮುನ್ನ ಕಾಸರಗೋಡಿನ ಕಡೆಗೆ ಒಂದು ವಾಹನ, ಅಲ್ಲಿ ಒಂದು ಹಾಸಿಗೆ, ಎರಡನ್ನೂ ಹೊಂದಿಸಿದವರು ಅವರೇ.

ಗಡಿ ದಾಟಲಾಗದೆ ಆ ದಿನಗಳಲ್ಲಿ ನಮ್ಮ ಜಿಲ್ಲೆಯ ಹಲವರು ತೀರಿಕೊಂಡರು. ದಾರಿ ತೆರೆಸಿ ಎಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರಕ್ಕೆ ಹೇಳಿದ ಸುದ್ದಿ ಓದುವಾಗ ನನ್ನ ಪಕ್ಕದ ಕೋಣೆಯಲ್ಲಿ ಅಮ್ಮ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿಸದ ಮನೆಗಳಲ್ಲಿ ಆ ಸುದ್ದಿಯನ್ನು ಹೇಗೆ ಓದಿದರೋ! ಅದನ್ನು ನೆನೆದರೆ ಇಂದಿಗೂ ಗಂಟಲು ಕಟ್ಟುತ್ತದೆ.

ಮಾತ್ರೆ ತಲುಪಿಸಿದ ತಮ್ಮನ ಗೆಳೆಯರಿಗೆ, ಸಮುದಾಯ ಅಡುಗೆಮನೆಯಿಂದ ಊಟ ತಂದ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರಿಗೆ, ಬಾಡಿಗೆ ಮುಟ್ಟದ ರಿಕ್ಷಾ ಅಣ್ಣನಿಗೆ ನಾವು ಋಣಿಗಳು.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರನ್ನು ಗೌರವಿಸಿದಾಗ ಅಮ್ಮ ಪತ್ರಿಕೆಯ ಆ ಪುಟವನ್ನು ಕತ್ತರಿಸಿ ದೇವರ ಕೋಣೆಯಲ್ಲಿಟ್ಟರು. 2025ರಲ್ಲಿ ಅದೇ ಆಶಾ ಕಾರ್ಯಕರ್ತೆಯರು ಗೌರವಧನ ಹೆಚ್ಚಿಸಿರೆಂದು ತಿಂಗಳುಗಟ್ಟಲೆ ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಕುಳಿತರು. ಅವರು ಕೇಳಿದ್ದು ಹೆಚ್ಚಾಗಿರಲಿಲ್ಲ. ನಮ್ಮ ಮೆಟ್ಟಿಲಲ್ಲಿ ಕಳೆದ ಆ ಒಂದು ರಾತ್ರಿಗೆ ಬೆಲೆ ಕಟ್ಟುವುದು ನನ್ನಿಂದಾಗದು.

ಅಕ್ಕ, ನಿನ್ನೆ ಲಸಿಕೆಯ ಕೆಲಸವಿತ್ತೆಂದು ನೀವು ಬರಲಿಲ್ಲ. ನಿಮ್ಮ ಪಾಲಿನ ಪಾಯಸ ತೆಗೆದಿಟ್ಟಿದ್ದೇವೆ. ಅಮ್ಮ ಬೆಳಗ್ಗಿನಿಂದ ಜಗಲಿಯಲ್ಲೇ ಇದ್ದಾರೆ.