ಒಂದೇ ಮಾನಿಟರ್, ಮೂರು ಜನ

ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳಿದೆ. "ಸ್ಟುಡಿಯೋದಲ್ಲಿ ಹೆಡ್‌ಫೋನ್ ಹಾಕ್ಕೊಂಡು ಹಾಯಾಗಿ ಕೂತಿರೋ ನೀನು ಸಂಗೀತ ಕಛೇರಿಯಲ್ಲಿ ಮೈಕ್ ಕಂಡ್ರೆ ಯಾಕೋ ಉರಿದು ಬೀಳ್ತೀಯ?" ಅಂತ ಕೇಳಿದ್ದೀಯ. ಎರಡು ಮಾತಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಪತ್ರ. ನಮ್ಮ ಉಳಿದ ಗೆಳೆಯರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ, ಬೈಯಬೇಡ.

ಹೋದ ತಿಂಗಳು ಒಂದು ಪೆಂಡಾಲ್ ಕಛೇರಿ. ಎಲ್ಲಿ ಅನ್ನೋದು ಬೇಡ. ಗಾಯಕಿ ನನಗಿಂತ ತುಂಬಾ ಹಿರಿಯರು. ಶ್ರುತಿಗೆ ಫೋನಿನ ತಂಬೂರಿ ಆ್ಯಪ್. ಖರಹರಪ್ರಿಯ ರಾಗದ ಆಲಾಪನೆ ತಾರಷಡ್ಜದ, ಅಂದರೆ ಮೇಲಿನ ಸ-ದ, ಹತ್ತಿರ ಹೋಗಿತ್ತು. ಇದ್ದಕ್ಕಿದ್ದಂತೆ ಶ್ರುತಿ ಮಾಯ, ಆ ಜಾಗದಲ್ಲಿ ಕೋಳಿ ಕೂಗಿತು. ಬಿ.ಪಿ. ಮಾತ್ರೆಯ ಅಲಾರಾಂ! ಕರೆ ಬರದಿರಲಿ ಅಂತ ಏರೋಪ್ಲೇನ್ ಮೋಡ್ ಹಾಕಿದ್ದರು, ಪಾಪ. ಅಲಾರಾಂಗೆ ಅದರ ಹಂಗಿಲ್ಲ. ಫೋನ್ ಮೈಕಿನ ಬುಡದಲ್ಲೇ ಇತ್ತಲ್ಲ, ಹಿಂದೆ ಚಪ್ಪಲಿ ಕಾಯುವವನಿಗೂ ಕೇಳಿಸಿರಬೇಕು. ನಾನು ಪಿಟೀಲಿನ ಸ-ಪ ಎರಡೂ ತಂತಿಯ ಮೇಲೆ ಕಮಾನು ಇಟ್ಟು ಉದ್ದಕ್ಕೆ ಎಳೆದು ಹಿಡಿದೆ. ಅವರು ಫೋನಿನ ಮೇಲೆ ಅಂಗೈ ಒತ್ತಿ, ಕಣ್ಣು ಮುಚ್ಚಿಕೊಂಡೇ ಷಡ್ಜಕ್ಕೆ ಹೋಗಿ ನಿಂತರು. ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ವಿಚಿತ್ರ ಏನು ಗೊತ್ತಾ? ಕಛೇರಿ ಮುಗಿದ ಮೇಲೆ ಫೋನನ್ನು ಅವರು ಒಂದು ಮಾತೂ ಬೈಯಲಿಲ್ಲ. "ನಂದೇ ತಪ್ಪು" ಅಂದು ನಕ್ಕರು. ಸೌಂಡ್ ನೋಡಿಕೊಳ್ಳುವ ಹುಡುಗನಿಗೆ ಮಾತ್ರ ಅಷ್ಟರಲ್ಲಿ ಮೂರು ಸಲ ಬೈದಾಗಿತ್ತು.

ಅವತ್ತು ರಾತ್ರಿ ಬಸ್ಸಿನಲ್ಲಿ ಇದನ್ನೇ ಯೋಚಿಸುತ್ತಾ ಬಂದೆ. ನಮಗೆ ಯಂತ್ರ ಕಂಡರೆ ಭಯ ಅನ್ನೋದು ಸುಳ್ಳು ಕಣೋ. ಎಲೆಕ್ಟ್ರಾನಿಕ್ ತಂಬೂರಿಯನ್ನೇ ನೋಡು. 1979ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅದನ್ನು ಮಾಡಿದರು, ರಾಡೆಲ್ ಕಂಪನಿಯವರು. ಇಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ನಮ್ಮ ಮೇಷ್ಟ್ರುಗಳ ಕಾಲದಲ್ಲಿ ಮುಖ ಸಿಂಡರಿಸಿದವರು ಇದ್ದರು. ಈಗ ಅದಿಲ್ಲದ ಮನೆ ತೋರಿಸು. ಯಾಕೆ ಒಪ್ಪಿಕೊಂಡೆವು? ಅದರ ತಿರುಪು ನಮ್ಮ ಹೆಬ್ಬೆರಳಿನ ಕೆಳಗೇ ಇದೆ. ಪಂಚಮ ಒಂಚೂರು ಇಳಿದರೆ ನಾವೇ ತಿರುಗಿಸುತ್ತೇವೆ, ಯಾರನ್ನೂ ಕೇಳಬೇಕಿಲ್ಲ.

ಮಾನಿಟರ್, ಅಂದರೆ ವೇದಿಕೆ ಮೇಲೆ ನಮ್ಮ ಸಂಗೀತ ನಮಗೇ ಕೇಳಿಸುವ ಸ್ಪೀಕರ್, ಹಾಗಲ್ಲ. ಅದರ ತಿರುಪು ಪೆಂಡಾಲಿನ ಆ ತುದಿಯಲ್ಲಿ, ಹತ್ತು ನಿಮಿಷದ ಹಿಂದೆ ಪರಿಚಯ ಆದವನ ಕೈಯಲ್ಲಿ. ನಾವು ಮಾಡಬಹುದಾದದ್ದು ಇಷ್ಟೇ: ನಡುವೆ ತೋರುಬೆರಳು ಎತ್ತಿ ಆಡಿಸೋದು. ಭರತಮುನಿ ಬರೆಯೋಕೆ ಮರೆತ ಮುದ್ರೆ ಅದು! ಅವನು ಜಾಸ್ತಿ ಮಾಡುತ್ತಾನೆ, ಮಾನಿಟರ್ ಸದ್ದು ಮತ್ತೆ ಮೈಕಿಗೇ ನುಗ್ಗಿ ಕುಂಯ್ ಅನ್ನುತ್ತದೆ, ಕಮ್ಮಿ ಮಾಡುತ್ತಾನೆ, ನಾವು ಮತ್ತೆ ಬೆರಳು ಎತ್ತುತ್ತೇವೆ. ವಾದ್ಯಕ್ಕೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಹಾಕಿಕೊಂಡರೆ ಕುಂಯ್ ಕಮ್ಮಿ, ಆದರೆ ಪಿಟೀಲು ತಗಡಿನ ಡಬ್ಬಿ ಆಗುತ್ತದೆ.

ನಿನಗಂತೂ ಇದು ಚೆನ್ನಾಗಿ ಗೊತ್ತು. ಶಬ್ದ ಒಂದು ಅಡಿ ದಾಟಲು ಹೆಚ್ಚುಕಡಿಮೆ ಒಂದು ಮಿಲಿಸೆಕೆಂಡ್ ಬೇಕು. 100 ಅಡಿ ದೂರದ ಗೋಡೆಗೆ ಬಡಿದು ನಿನ್ನ ಮೃದಂಗ ವಾಪಸ್ ಬರುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಹೋಗಿರುತ್ತದೆ. ವೇಗದ ನಡೆಯಲ್ಲಿ ಒಂದು ಸೊಲ್ಲಿನಷ್ಟು, ಅಂದರೆ ಒಂದು ಪೆಟ್ಟಿನಷ್ಟು. ಮಾನಿಟರ್ ಸತ್ತರೆ ನನಗೆ ಕೇಳೋದು ಆ ಹಳಸಿದ ಮೃದಂಗವೇ. ಬೀಟಲ್ಸ್ ಬ್ಯಾಂಡಿನವರದೂ ಇದೇ ಪಾಡು. 1965ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ 55,000ಕ್ಕೂ ಜಾಸ್ತಿ ಜನ ಕಿರುಚುತ್ತಿದ್ದರು, ವೇದಿಕೆಯಲ್ಲಿ ಮಾನಿಟರ್ ಇರಲಿಲ್ಲ, ತಾವು ಹಾಡಿದ್ದು ತಮಗೇ ಕೇಳುತ್ತಿರಲಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ಊರೂರು ಸುತ್ತೋದನ್ನೇ ಬಿಟ್ಟು ಸ್ಟುಡಿಯೋ ಸೇರಿದರು. ಬೇರೆ ಕಾರಣಗಳೂ ಇದ್ದವು, ಆದರೆ ಈ ಒಂದು ಕಾರಣ ನನಗೆ ಕರುಳಿಗೆ ಅರ್ಥವಾಗುತ್ತದೆ.

ಸ್ಟುಡಿಯೋ ಯಾವತ್ತೂ ಹಾಯಾಗಿತ್ತು ಅಂತಲ್ಲ. 1902ರಲ್ಲಿ ಕಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದು ರೆಕಾರ್ಡಿಂಗ್ ತುತ್ತೂರಿಯ ಬಾಯಿಗೆ, ಅದೂ ಮೂರೇ ನಿಮಿಷದಲ್ಲಿ. ಗ್ರಾಮಫೋನ್ ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಹಾಡಿದವರು ಯಾರು ಅಂತ ಅಲ್ಲಿಯವರಿಗೆ ತಿಳಿಯಲಿ ಅಂತ ಕೊನೆಗೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಕೊನೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲೇ ತೀರಿಕೊಂಡರಲ್ಲ, ಅದೇ ಗೌಹರ್ ಜಾನ್. ಅವರ ಕಾಲಕ್ಕೆ ವೇದಿಕೆಯೇ ತವರು, ಸ್ಟುಡಿಯೋ ಅತ್ತೆಮನೆ.

ನಮಗೆ ತಿರುಗುಮುರುಗು. ಹೋದ ವಾರ ಒಂದು ಭರತನಾಟ್ಯದ ರೆಕಾರ್ಡಿಂಗ್. ಇಂಜಿನಿಯರ್ ಹುಡುಗ ನನ್ನ ತೋಡಿ ರಾಗವನ್ನು ಪರದೆ ಮೇಲೆ ತೋರಿಸಿದ. ಗಾಂಧಾರ (ಗ) ಇರಬೇಕಾದ ಕಡೆ ಹಾವು ಹರಿದ ಹಾಗೆ ಗೆರೆ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲೋದೇ ಇಲ್ಲ, ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತಲೇ ಇರುತ್ತದೆ, ಅಲ್ವಾ? ಅವನು ಸುಮ್ನೆ ತಮಾಷೆಗೆ ಪಿಚ್ ಸರಿ ಮಾಡುವ ಬಟನ್ ಒತ್ತಿದ. ಗೆರೆ ನೆಟ್ಟಗಾಯಿತು. ಕೇಳಿದರೆ ಹಾರ್ಮೋನಿಯಂ ಮನೆ ಒತ್ತಿ ಹಿಡಿದ ಹಾಗೆ, ತೋಡಿಯೇ ಇಲ್ಲ! ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಅವನು ಅನ್‌ಡೂ ಒತ್ತಿದ, ಹಾವು ವಾಪಸ್ ಬಂತು. ಹೆಡ್‌ಫೋನಿನಲ್ಲಿ ನನಗೆ ಬೇಕಾದಷ್ಟೇ ತಂಬೂರಿ, ಬೇಕಾದಷ್ಟೇ ಮೃದಂಗ. ಹನ್ನೊಂದು ಸಲ ನುಡಿಸಿದೆ, ಕೊನೆಗೆ ಇಟ್ಟುಕೊಂಡದ್ದು ಮೂರನೆಯದನ್ನ. ಆಮೇಲಿನ ಎಂಟು ಸಲ ದಂಡ ಅಂತ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಇನ್ನು ಪೆಂಡಾಲಿನ ಆ ಹುಡುಗ. ಅವನ ಜೊತೆ ಮೊನ್ನೆ ಮತ್ತೆ ಕೆಲಸ ಬಿತ್ತು. ಬುದ್ಧಿ ಬಂದಿತ್ತಲ್ಲ, ಒಂದು ಗಂಟೆ ಮುಂಚೆ ಹೋಗಿ ಅವನಿಗೊಂದು ಟೀ ಕೊಡಿಸಿದೆ. ಅವನು ಮನಸ್ಸು ಬಿಚ್ಚಿದ. "ಸಾರ್, ನೀವು ಮೃದಂಗ ಜಾಸ್ತಿ ಮಾಡು ಅಂತೀರ. ಮೃದಂಗದವರು ಪಿಟೀಲು ಕಮ್ಮಿ ಮಾಡು ಅಂತಾರೆ. ಹಾಡೋ ಅಮ್ಮಾವ್ರು ಇಬ್ರುದೂ ಕಮ್ಮಿ ಮಾಡು ಅಂತಾರೆ. ಇರೋದು ಒಂದೇ ಮಾನಿಟರ್. ಯಾರ ಬೆರಳು ನೋಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನೇ ನನ್ನ ಫೋನ್ ಇಸಕೊಂಡು ಮಿಕ್ಸರಿನ ಆ್ಯಪ್ ಹಾಕಿಕೊಟ್ಟ. "ತಗೊಳ್ಳಿ, ಮಾನಿಟರ್ ನೀವೇ ನೋಡ್ಕೊಳ್ಳಿ" ಅಂದ. ಮೊದಲು ಅಲಾರಾಂಗಳನ್ನೆಲ್ಲ ಆಫ್ ಮಾಡಿದೆ. ಕಛೇರಿಯ ಮೊದಲ ಹಾಡು, ವರ್ಣ, ಶುರುವಾಯಿತು. ನನ್ನ ಪಿಟೀಲು ಒಂಚೂರು ಏರಿಸಿದೆ. ಕೃತಿಗೆ ಬಂದಾಗ ಇನ್ನೊಂಚೂರು. ಆಹಾ, ಎಂಥ ಸುಖ ಅಂತೀಯ!

ಮೂರನೇ ಕೃತಿಗೆ ಅಮ್ಮಾವ್ರು ನನ್ನ ಕಡೆ ತಿರುಗಿ ತೋರುಬೆರಳು ಕೆಳಗೆ ಮಾಡಿ ತೋರಿಸಿದರು.

ಡಿಸೆಂಬರ್‌ಗೆ ಬರುತ್ತೀಯಲ್ಲ, ನಿನಗೂ ಆ ಆ್ಯಪ್ ಹಾಕಿಸಿಕೊಡುತ್ತೇನೆ. ಒಂದೇ ಮಾನಿಟರಿಗೆ ಜಗಳ ಆಡೋಣ.

ನಿನ್ನ
ಪಿಟೀಲಿನವನು