ಫೋರ್ ವೀಲ್ ಡ್ರೈವ್ ಇದ್ದರೂ ಹಿಮದಲ್ಲಿ ಗಾಡಿ ಜಾರುತ್ತೆ

ಮಾನ್ಯರೇ,

ನಿಮ್ಮ ಪತ್ರಿಕೆಯ ವಾಹನ ಪುಟವನ್ನು ನಾನು ತಪ್ಪದೆ ಓದುತ್ತೇನೆ. ಫೋರ್ ವೀಲ್ ಡ್ರೈವ್, ಅಂದರೆ ಇಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವ ಗಾಡಿಯ ಬಗ್ಗೆ ಬರೆದಾಗಲೆಲ್ಲ ಹಿಮ ಚಿಮ್ಮಿಸುತ್ತಾ ಗುಡ್ಡ ಹತ್ತುವ ಚಿತ್ರ ಇದ್ದೇ ಇರುತ್ತದೆ. ಅದೇ ಗಾಡಿ ಇಳಿಜಾರಿನಲ್ಲಿ ಹೇಗೆ ನಿಲ್ಲುತ್ತೆ ಅನ್ನೋದನ್ನೂ ದಯವಿಟ್ಟು ಬರೆಯಿರಿ ಎಂದು ಕೇಳಲು ಈ ಪತ್ರ.

ಕಳೆದ ಚಳಿಗಾಲದಲ್ಲಿ ನಾವು ಮನೆಯವರೆಲ್ಲ ಹಿಮ ಬಿದ್ದ ಬೆಟ್ಟದ ದಾರಿಯಲ್ಲಿ ಹೋಗಿದ್ದೆವು. ಗಾಡಿ ಬಾಡಿಗೆಯದು, ಓಡಿಸುತ್ತಿದ್ದವಳು ನಾನು. 'ಫೋರ್ ಬೈ ಫೋರ್ ಇದೆ ಮೇಡಂ, ಏನೂ ಯೋಚನೆ ಮಾಡಬೇಡಿ' ಅಂತ ಹೇಳಿ ಕೀ ಕೊಟ್ಟಿದ್ದರು. ಹತ್ತುವಾಗ ಒಂದು ಸಲವೂ ಚಕ್ರ ಜಾರಲಿಲ್ಲ. ಸಣ್ಣ ಕಾರೊಂದು ದಾರಿಯಲ್ಲಿ ಒದ್ದಾಡುತ್ತಿತ್ತು, ನಾವು ಸಲೀಸಾಗಿ ದಾಟಿ ಹೋದೆವು. ನನಗೆ ಧೈರ್ಯ ಜಾಸ್ತಿಯಾಗಿದ್ದು ಅಲ್ಲೇ.

ಇಳಿಯುವಾಗ ನೆರಳು ಬಿದ್ದ ತಿರುವೊಂದರಲ್ಲಿ ಬ್ರೇಕ್ ಒತ್ತಿದೆ. ಪೆಡಲ್ ಕಾಲಡಿ ಗರಗರ ಅಂತ ನಡುಗಿತು. ಚಕ್ರ ಕಚ್ಚಿ ನಿಲ್ಲದಂತೆ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿತ್ತು. ಸ್ಟಿಯರಿಂಗ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ನೆಟ್ಟಗೆ ಹೋಗಿ ರಸ್ತೆ ಬದಿಯ ಹಿಮದ ರಾಶಿಗೆ ಮೂತಿ ಹೂತು ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಹಿಂದೆ ಕೂತಿದ್ದ ಮಗಳು ಅಳಲೂ ಇಲ್ಲ. ನನ್ನ ಸೀಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಇಳಿದು ಟೈರ್ ನೋಡಿದೆ. ಗೀರುಗಳಲ್ಲೆಲ್ಲ ಹಿಮ ತುಂಬಿ ನುಣ್ಣಗಾಗಿತ್ತು. ಉಗುರಿನಿಂದ ಒತ್ತಿದರೆ ರಬ್ಬರ್ ಸ್ವಲ್ಪವೂ ತಗ್ಗುತ್ತಿರಲಿಲ್ಲ. ಅದು ಬೇಸಿಗೆಯ ಟೈರ್! ಚಳಿ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಇಂಥ ರಬ್ಬರ್ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಟೈರಿನ ಪಕ್ಕದಲ್ಲಿ ಮೂರು ತುದಿಯ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಇದ್ದರೆ ಅದು ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರ್. ಬರೀ 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ ಅಂತ ಅರ್ಥ) ಅಂತಿದ್ದರೆ ಅದನ್ನು ನಂಬಿಕೊಂಡು ಹೋಗಬಾರದು.

ಲೆಕ್ಕ ಹಾಕಿ ನೋಡಿ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನ ಮೇಲೆ ಗಾಡಿ ಹೆಚ್ಚುಕಡಿಮೆ 10 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಯಾದ ಹಿಮದ ಮೇಲೆ 30 ಮೀಟರ್ ಬೇಕು, ಮಂಜುಗಡ್ಡೆ ಮೇಲೆ 60 ದಾಟಬಹುದು. ಬ್ರೇಕ್ ಎಲ್ಲ ಕಾರಿಗೂ ನಾಲ್ಕೂ ಚಕ್ರಕ್ಕೆ ಇರುತ್ತೆ ಅಲ್ವಾ? ಫೋರ್ ವೀಲ್ ಡ್ರೈವ್ ಹಂಚುವುದು ಇಂಜಿನ್ನಿನ ಶಕ್ತಿಯನ್ನು. ಹೊರಡಲು, ಹತ್ತಲು ಅದು ಬೇಕೇ ಬೇಕು. ನಿಲ್ಲಿಸುವ ಕೆಲಸ ಟೈರಿನದು.

ಈಗ ನಾನು ಬ್ರೇಕನ್ನು ತಿರುವಿಗೆ ಮೊದಲೇ, ಗಾಡಿ ನೇರ ಇರುವಾಗಲೇ ಒತ್ತಿ ಮುಗಿಸುತ್ತೇನೆ. ಕಡಿದಾದ ಇಳಿಜಾರು ಶುರುವಾಗುವ ಮೊದಲು ಗಾಡಿ ನಿಲ್ಲಿಸಿ ಫೋರ್ ಲೋಗೆ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ನಿಧಾನದ ಗೇರ್) ಹಾಕಿ, ನಡೆಯುವ ವೇಗದಲ್ಲಿ ಇಳಿಯುತ್ತೇನೆ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆಯಲಿ. ಒಣ ರಸ್ತೆ ಸಿಕ್ಕ ಕೂಡಲೇ ಟೂ ಹೈಗೆ, ಅಂದರೆ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಮಾಮೂಲಿ ಗೇರ್‌ಗೆ ಬರುತ್ತೇನೆ. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ನೋಡುತ್ತವೆ; ಅದಕ್ಕೆ ಅವಕಾಶ ಕೊಡುವ ಸೆಂಟರ್ ಡಿಫರೆನ್ಷಿಯಲ್ ಇಲ್ಲದ ಗಾಡಿಯನ್ನು ಫೋರ್ ವೀಲ್‌ನಲ್ಲೇ ಓಡಿಸಿದರೆ, ಹಿಡಿತ ಚೆನ್ನಾಗಿರುವ ಕಡೆ ಗೇರಿನ ಮೇಲೆ ವಿಪರೀತ ಒತ್ತಡ ಬೀಳುತ್ತದೆ.

ಇನ್ನೊಂದು ಮಾತನ್ನು ಪ್ರತಿ ಸಲವೂ ಅಚ್ಚು ಹಾಕಿ. ಹಿಮದಲ್ಲಿ ಸಿಕ್ಕಿಕೊಂಡಾಗ ಹೀಟರ್‌ಗೆಂದು ಇಂಜಿನ್ ಓಡಿಸುವ ಮುಂಚೆ ಸೈಲೆನ್ಸರ್ ಪೈಪಿನ ಬಾಯಿಗೆ ಕಟ್ಟಿದ ಹಿಮ ಬಿಡಿಸಿಕೊಳ್ಳಬೇಕು. ಅದು ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಾನಿಲ ಒಳಗೆ ಬರುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಕೂತಲ್ಲೇ ಜೀವ ಹೋಗುತ್ತದೆ. ಅವತ್ತು ನಾವು ಸಹಾಯ ಬರುವವರೆಗೆ ಇಂಜಿನ್ ಓಡಿಸಿಕೊಂಡೇ ಕೂತಿದ್ದೆವು. ನನಗೆ ಇದು ಗೊತ್ತಿರಲಿಲ್ಲ.

ಗಾಡಿ ಬಾಡಿಗೆಗೆ ಕೊಡುವವರು ಕೀ ಜೊತೆ ಟೈರನ್ನೂ ತೋರಿಸಿ ಕೊಡಲಿ. ನಿಮ್ಮ ಪುಟದಲ್ಲಿ ಮುಂದಿನ ಸಲ ಹಿಮದ ಚಿತ್ರ ಹಾಕುವಾಗ, ಆ ಗಾಡಿಗೆ ಯಾವ ಟೈರ್ ಇತ್ತು, ಇಳಿಯುವಾಗ ನಿಲ್ಲಲು ಎಷ್ಟು ದೂರ ಬೇಕಾಯಿತು ಅಂತ ಎರಡು ಸಾಲು ಸೇರಿಸಿ.

ಇತಿ,
ನಿಮ್ಮ ಓದುಗಳು