ಫ್ಲೆಕ್ಸ್ ಫ್ಯುಯೆಲ್ ಕಾರಿಗೆ ಎರಡು ಮೈಲೇಜ್ ಬರೆಸಿ, ಸಚಿವರೇ

ಮಾನ್ಯ ಎಚ್.ಡಿ. ಕುಮಾರಸ್ವಾಮಿ ಅವರಿಗೆ,
ಕೇಂದ್ರ ಭಾರಿ ಕೈಗಾರಿಕೆ ಸಚಿವರು

ನಮಸ್ಕಾರ.

ಕಬ್ಬು, ಮೆಕ್ಕೆಜೋಳದಿಂದ ತಯಾರಾಗುವ ಎಥೆನಾಲ್ ಇಂಧನದ ವಿಷಯ ಅಂದಮೇಲೆ ಪತ್ರ ಪೆಟ್ರೋಲಿಯಂ ಸಚಿವರಿಗೆ ಹೋಗಬೇಕಿತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಬೇಕಂತಲೇ ನಿಮಗೆ ಬರೆಯುತ್ತಿದ್ದೇನೆ. ವಾಹನ ಉದ್ಯಮ ನಿಮ್ಮ ಖಾತೆಗೆ ಸೇರಿದ್ದು. ಕಾರುಗಳನ್ನು ಪರೀಕ್ಷೆ ಮಾಡುವ ಪುಣೆಯ ಎಆರ್‌ಎಐ ಸಂಸ್ಥೆಯೂ ನಿಮ್ಮ ಸಚಿವಾಲಯದ ಜೊತೆಗಿದೆ. ನೀವು ಗೆದ್ದು ಬಂದ ಮಂಡ್ಯ ಕಬ್ಬಿನ ಜಿಲ್ಲೆ. ಇನ್ನು ಬಿಡದಿ ಬಗ್ಗೆ ನಾನು ನಿಮಗೆ ಹೇಳುವುದೇನಿದೆ! ಅಲ್ಲಿ ಕಾರ್ಖಾನೆ ಇರುವ ಟೊಯೊಟಾ ಕಂಪನಿಯೇ 2023ರ ಆಗಸ್ಟ್‌ನಲ್ಲಿ ಎಥೆನಾಲಿನಲ್ಲೂ ಓಡುವ ಇನ್ನೋವಾ ಹೈಕ್ರಾಸ್ ಮಾದರಿಯನ್ನು ದಿಲ್ಲಿಯಲ್ಲಿ ತೋರಿಸಿದ್ದು.

ನನ್ನ ಬೇಡಿಕೆ ಒಂದೇ. ಫ್ಲೆಕ್ಸ್ ಫ್ಯುಯೆಲ್ ಕಾರು, ಅಂದರೆ ಪೆಟ್ರೋಲ್, ಎಥೆನಾಲ್ ಯಾವುದನ್ನು ಹಾಕಿದರೂ ಓಡುವ ಕಾರು ಮಾರುವಾಗ ಪೆಟ್ರೋಲಿಗೆ ಎಷ್ಟು ಮೈಲೇಜ್, ಎಥೆನಾಲಿಗೆ ಎಷ್ಟು ಮೈಲೇಜ್ ಅಂತ ಎರಡನ್ನೂ ಅಕ್ಕಪಕ್ಕ ಬರೆಯುವಂತೆ ಮಾಡಿ. ಜಾಹೀರಾತಿನಲ್ಲೂ, ಶೋರೂಮಿನಲ್ಲಿ ಗಾಜಿಗೆ ಅಂಟಿಸುವ ಚೀಟಿಯಲ್ಲೂ.

ಇದರಲ್ಲೇನು ಮಹಾ ಅನ್ನಬೇಡಿ. ಲೆಕ್ಕ ನೋಡಿ. ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಈಗ ಬಂಕಿನಲ್ಲಿ ಸಿಗುವುದು ಹೇಗೂ 20 ಶೇಕಡಾ ಎಥೆನಾಲ್ ಬೆರೆಸಿದ ಪೆಟ್ರೋಲ್, ಅಂದರೆ ಇ20. ಅದರಲ್ಲಿ ಲೀಟರಿಗೆ 15 ಕಿಲೋಮೀಟರ್ ಓಡುವ ಫ್ಲೆಕ್ಸ್ ಕಾರು ಇ100, ಅಂದರೆ ಹೆಚ್ಚುಕಡಿಮೆ ಪೂರ್ತಿ ಎಥೆನಾಲ್, ಹಾಕಿದರೆ 11ರ ಹತ್ತಿರ ಓಡುತ್ತದೆ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಇ100 85 ರೂಪಾಯಿ ಅಂತ ಇಟ್ಟುಕೊಳ್ಳಿ. ಬೋರ್ಡ್ ನೋಡಿದವರಿಗೆ 18 ರೂಪಾಯಿ ಲಾಭ ಅನ್ನಿಸುತ್ತದೆ ಅಲ್ವಾ? ಆದರೆ ಪೆಟ್ರೋಲಿನಲ್ಲಿ ಕಿಲೋಮೀಟರಿಗೆ 6 ರೂಪಾಯಿ 87 ಪೈಸೆ ಬೀಳುತ್ತದೆ, ಇ100ರಲ್ಲಿ 7 ರೂಪಾಯಿ 73 ಪೈಸೆ. ಅಗ್ಗ ಅಂತ ಹಾಕಿಸಿದ್ದೇ ದುಬಾರಿ. ಈ ಕಾರಿನವನಿಗೆ ಇ100 ಲೀಟರಿಗೆ 75 ರೂಪಾಯಿಗಿಂತ ಕೆಳಗಿದ್ದರೆ ಮಾತ್ರ ಉಳಿತಾಯ.

ಬ್ರೆಜಿಲಿನವರಿಗೆ ಇದು ಬಾಯಿಪಾಠ. ಅಲ್ಲಿ 2003ರಿಂದ ಫ್ಲೆಕ್ಸ್ ಕಾರುಗಳು ಓಡುತ್ತಿವೆ. ಎಥೆನಾಲ್ ಬೆಲೆ ಪೆಟ್ರೋಲ್ ಬೆಲೆಯ 70 ಶೇಕಡಾ ಒಳಗಿದ್ದರೆ ಎಥೆನಾಲ್, ಇಲ್ಲದಿದ್ದರೆ ಪೆಟ್ರೋಲ್. ಬಂಕಿಗೆ ಕಾರು ತಿರುಗಿಸುವ ಮೊದಲೇ ಮನಸ್ಸಿನಲ್ಲಿ ಗುಣಾಕಾರ ಮುಗಿದಿರುತ್ತದೆ. ನಮ್ಮಲ್ಲಿ 'ಐನೂರಕ್ಕೆ ಹಾಕಿ' ಅಂದು, ಮೀಟರಿನಲ್ಲಿ ಜೀರೋ ನೋಡಿಕೊಳ್ಳುವುದಕ್ಕೇ ನಮ್ಮ ಎಚ್ಚರವೆಲ್ಲ ಖರ್ಚಾಗುತ್ತದೆ. ಜೊತೆಗೆ 70 ಅನ್ನುವುದು ಸರಾಸರಿ. ಎಂಜಿನ್ ಮೇಲೆ, ಟ್ರಾಫಿಕ್ ಮೇಲೆ ಅದು ಆಚೀಚೆ ಆಗುತ್ತದೆ. ಅದಕ್ಕೇ ಪ್ರತಿ ಮಾಡೆಲ್ಲಿಗೂ ಅದರದೇ ಎರಡು ಅಂಕಿ ಬೇಕು ಅನ್ನುವುದು.

ಸುಮ್ನೆ ಅನುಮಾನ ಪಡುತ್ತಿಲ್ಲ. ಇ20 ಪೆಟ್ರೋಲ್ ದೇಶಕ್ಕೆ ಬಿಡುಗಡೆಯಾಗಿದ್ದು ನಮ್ಮ ಬೆಂಗಳೂರಿನಲ್ಲೇ, 2023ರ ಫೆಬ್ರವರಿ 6ರಂದು. ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಿಗೆ ಇ20 ಹಾಕಿದರೆ ಮೈಲೇಜ್ 6ರಿಂದ 7 ಶೇಕಡಾ ಇಳಿಯುತ್ತದೆ ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇತ್ತು. ಬಂಕಿನ ಬೋರ್ಡಿನಲ್ಲಿ ಅದನ್ನು ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಆಮೇಲೆ ಜನ ಕೇಳತೊಡಗಿದಾಗ ಸಮಾಧಾನ ಹೇಳುವ ಸರದಿ ಶುರುವಾಯಿತು. ಅಂಕಿ ಕೈಯಲ್ಲಿದ್ದೂ ಮೊದಲೇ ಹೇಳದಿದ್ದರೆ ಜನ ಒಳ್ಳೆಯ ಯೋಜನೆಯನ್ನೂ ಮೋಸ ಅಂತಲೇ ನೋಡುತ್ತಾರೆ.

ಇನ್ನೊಂದು ಗೊಂದಲ ಇದೆ. ಇ20 ಕಾರು ಅಂದರೆ ಫ್ಲೆಕ್ಸ್ ಕಾರು ಅಂತ ತಿಳಿದವರು ಬಹಳ ಜನ ಇದ್ದಾರೆ. ಫ್ಲೆಕ್ಸ್ ಕಾರಿನಲ್ಲಿ ಎಂಜಿನ್ನಿನ ಕಂಪ್ಯೂಟರ್ ಟ್ಯಾಂಕಿನಲ್ಲಿ ಎಷ್ಟು ಎಥೆನಾಲ್ ಇದೆ ಅಂತ ಗುರುತಿಸಿ, ಸಿಂಪಡಿಸುವ ಇಂಧನದ ಪ್ರಮಾಣ ಬದಲಿಸಿಕೊಳ್ಳುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲ್ ಮೇಲೆ ಅರ್ಧ ಎಥೆನಾಲ್ ಹಾಕಿದರೂ ತೊಂದರೆ ಇಲ್ಲ. ಬರೀ ಇ20 ಕಾರಿಗೆ ಇ100 ಹಾಕಿದರೆ ಕೆಲಸ ಕೆಟ್ಟಿತು. 2024ರ ಮಾರ್ಚ್‌ನಲ್ಲಿ ಇ100 ಮಾರಾಟ ಶುರುವಾದ ಐದು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹಾಗಾಗಿ ಇ100 ಗನ್ನಿನ ಬಣ್ಣ ಬೇರೆಯೇ ಇರಲಿ ಅಂತ ಪೆಟ್ರೋಲಿಯಂ ಸಚಿವರಿಗೂ ಒಂದು ಮಾತು ಹೇಳಿಬಿಡಿ.

ಬೆಂಗಳೂರಿಗೆ ಫ್ಲೆಕ್ಸ್ ಕಾರು ಒಗ್ಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಹವೆ ಅದಕ್ಕೆ ಹೇಳಿ ಮಾಡಿಸಿದಂತಿದೆ. ಚಳಿಯಲ್ಲಿ ಎಥೆನಾಲ್ ಬೇಗ ಆವಿಯಾಗುವುದಿಲ್ಲ, ಎಂಜಿನ್ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ. ಅದಕ್ಕೇ ಬ್ರೆಜಿಲಿನ ಹಳೆಯ ಫ್ಲೆಕ್ಸ್ ಕಾರುಗಳಲ್ಲಿ ಸ್ಟಾರ್ಟ್ ಮಾಡಲೆಂದೇ ಪುಟ್ಟ ಪೆಟ್ರೋಲ್ ಟ್ಯಾಂಕ್ ಇರುತ್ತಿತ್ತು. ನಮ್ಮ ಡಿಸೆಂಬರ್ ಬೆಳಗಿಗೆ ಅದೆಲ್ಲ ಬೇಕಾಗುವುದು ಅಪರೂಪ. ಎಥೆನಾಲಿನ ಆಕ್ಟೇನ್, ಅಂದರೆ ಎಂಜಿನ್ನಿನಲ್ಲಿ ಹೊತ್ತಿಗೆ ಮೊದಲೇ ಹೊತ್ತಿಕೊಳ್ಳದೆ ತಡೆಯುವ ಗುಣ, ಜಾಸ್ತಿ, ಅದಕ್ಕೆ ಹೊಂದಿಸಿದ ಎಂಜಿನ್ ಚೆನ್ನಾಗಿಯೇ ಎಳೆಯುತ್ತದೆ. ಊರೊಳಗೆ ಅಗ್ಗ ಕಂಡರೆ ಇ100, ಹುಬ್ಬಳ್ಳಿಗೋ ಮಂಗಳೂರಿಗೋ ಹೊರಟರೆ ಪೆಟ್ರೋಲ್. ಒಂದೇ ಟ್ಯಾಂಕಿನಲ್ಲಿ ಜಾಸ್ತಿ ದೂರ ಹೋಗಬಹುದು, ದಾರಿಯಲ್ಲಿ ಇ100 ಬಂಕ್ ಹುಡುಕುವ ತಲೆನೋವೂ ಇಲ್ಲ.

ತೊಡಕಿರುವುದು ಬೆಲೆಯಲ್ಲಿ. 2024-25ರ ಸಾಲಿನಲ್ಲಿ ತೈಲ ಕಂಪನಿಗಳು ಮೆಕ್ಕೆಜೋಳದ ಎಥೆನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಕೊಟ್ಟವು, ಕಬ್ಬಿನ ಹಾಲಿನದಕ್ಕೆ 65 ರೂಪಾಯಿ 61 ಪೈಸೆ. ಪೆಟ್ರೋಲಿಗೆ ಬೆರೆಸುವ ಎಥೆನಾಲಿಗಿರುವ 5 ಶೇಕಡಾ ಜಿಎಸ್‌ಟಿಯನ್ನೇ ಸೇರಿಸಿದರೂ ಮೆಕ್ಕೆಜೋಳದ್ದು 75 ದಾಟುತ್ತದೆ. ಸಾಗಣೆ, ಬಂಕಿನವರ ಕಮಿಷನ್ ಇನ್ನೂ ಬಾಕಿ. ನಾನು ಮೇಲೆ ಹೇಳಿದ ಉಳಿತಾಯದ ಗಡಿ ಬಂಕ್ ತಲುಪುವ ಮೊದಲೇ ಮುಗಿದುಹೋಯಿತು. ಇನ್ನು ಬರ ಬಂದರೆ ಕಥೆಯೇ ಬೇರೆ. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರವೇ ಕಡಿವಾಣ ಹಾಕಿತ್ತು. ಮಂಡ್ಯದ ಕಬ್ಬಿಗೂ ನಮ್ಮ ನಲ್ಲಿಗೂ ಕಾವೇರಿ ಒಬ್ಬಳೇ ಅನ್ನುವುದನ್ನು ನಿಮಗೆ ನೆನಪಿಸುವ ಅಗತ್ಯವಿಲ್ಲ.

ಬೆಲೆ ಹೀಗೆ ಏರಿಳಿಯುವಾಗ ಫ್ಲೆಕ್ಸ್ ಕಾರು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಈ ತಿಂಗಳು ಇದು, ಮುಂದಿನ ತಿಂಗಳು ಅದು. ಆದರೆ ಆರಿಸುವವನ ಕೈಯಲ್ಲಿ ಲೆಕ್ಕ ಇರಬೇಕಲ್ಲ?

ಕಾರಿನ ನಿಯಮ ಬರೆಯುವುದು ಸಾರಿಗೆ ಸಚಿವಾಲಯ, ಇಂಧನ ನೋಡಿಕೊಳ್ಳುವುದು ಪೆಟ್ರೋಲಿಯಂ ಸಚಿವಾಲಯ, ಪೆಟ್ರೋಲಿನ ಮೇಲೆ ಮಾರಾಟ ತೆರಿಗೆ ಹಾಕುವುದು ರಾಜ್ಯ ಸರ್ಕಾರ ಅಂತ ನಿಮ್ಮ ಅಧಿಕಾರಿಗಳು ಟಿಪ್ಪಣಿ ಬರೆದಾರು. ಸರಿ, ಅವರೆಲ್ಲರ ಜೊತೆ ಮಾತಾಡಿ. ಅಷ್ಟರೊಳಗೆ ಎರಡೂ ಇಂಧನದಲ್ಲಿ ಕಾರು ಓಡಿಸಿ ನೋಡಿ, ಬಂದ ಅಂಕಿಯನ್ನು ಎಆರ್‌ಎಐ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿ ಅಂತ ಹೇಳಬಹುದಲ್ಲವೇ? ಕನ್ನಡದಲ್ಲೂ ಹಾಕಿಸಿದರೆ ಇನ್ನೂ ಸಂತೋಷ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ಬೆಂಗಳೂರಿನ ಒಬ್ಬ ಕಾರು ಮಾಲೀಕ